ಆಕಾಶದ ಲೆಕ್ಕ ಸರ್ಕಾರಕ್ಕೆ ಯಾಕೆ ಬೇಕು?

ಕೊಪ್ಪಳದ ಗವಿಮಠದ ಜಾತ್ರೆ 2023ರಲ್ಲಿ ಜನವರಿ 8ಕ್ಕೆ ಬಂತು. 2024ರಲ್ಲಿ ಜನವರಿ 27ಕ್ಕೆ. 2025ರಲ್ಲಿ ಮತ್ತೆ ಹಿಂದಕ್ಕೆ ಸರಿದು ಜನವರಿ 15ಕ್ಕೆ. ಜಾತ್ರೆಗೆ ಊರಿಗೆ ಬರುವವರು, ಅಂಗಡಿ ಹಾಕುವವರು, ರಜೆ ಕೇಳಬೇಕಾದವರು ಎಲ್ಲರೂ ಪ್ರತಿ ವರ್ಷ ಕೇಳುವುದು ಒಂದೇ, "ಈ ಸಲ ತೇರು ಎಂದೈತ್ರಿ?" ತಾರೀಖು ಬೇರೆ ಬೇರೆ, ಆದರೆ ತಿಥಿ ಯಾವಾಗಲೂ ಅದೇ: ಪುಷ್ಯ ಬಹುಳ ಬಿದಿಗೆ. ಹುಣ್ಣಿಮೆ ಕಳೆದು ಎರಡನೇ ದಿನ.

ಸ್ವಲ್ಪ ಲೆಕ್ಕ ಹಾಕಿ ನೋಡಿ. 2024ರ ತೇರಿನಿಂದ 2025ರ ತೇರಿಗೆ 354 ದಿನ. ಅಂದರೆ ಹನ್ನೆರಡು ಚಾಂದ್ರಮಾಸ. 2023ರಿಂದ 2024ಕ್ಕೆ 384 ದಿನ, ಹದಿಮೂರು ಮಾಸ, ಯಾಕಂದ್ರೆ ನಡುವೆ ಅಧಿಕ ಶ್ರಾವಣ ಬಂದಿತ್ತು. ಚಂದ್ರ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಬರಲು ಸರಾಸರಿ 29.53 ದಿನ ತೆಗೆದುಕೊಳ್ಳುತ್ತಾನೆ, ಹನ್ನೆರಡು ಸುತ್ತಿಗೆ 354 ದಿನ, ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ, ಆ ಕೊರತೆ ಕೂಡುತ್ತಾ ಹೋದಾಗ ಒಂದು ಅಧಿಕ ಮಾಸ ಸೇರಿಸಿ ಸರಿಮಾಡುತ್ತಾರೆ. ಲಕ್ಷಾಂತರ ಜನ ಸೇರುವ ಜಾತ್ರೆಯ ದಿನ ಈ ದಶಮಾಂಶಗಳ ಮೇಲೆ ನಿಂತಿದೆ.

ಈ ಲೆಕ್ಕವನ್ನು ಯಾರೋ ಮುಂಚೆಯೇ ಮಾಡಿ ಇಟ್ಟಿರಬೇಕು, ಅಲ್ವಾ? ನಮ್ಮ ದೇಶದಲ್ಲಿ ಅದಕ್ಕೆ ಅಂತಲೇ ಒಂದು ಸರ್ಕಾರಿ ಕಚೇರಿ ಇದೆ. ಕೋಲ್ಕತ್ತಾದಲ್ಲಿ, ಹವಾಮಾನ ಇಲಾಖೆಯ ಕೆಳಗೆ. ಹೆಸರು ಪೊಸಿಷನಲ್ ಆಸ್ಟ್ರಾನಮಿ ಸೆಂಟರ್. ಅಲ್ಲಿಂದ ಪ್ರತಿ ವರ್ಷ ಮುಖ್ಯವಾಗಿ ಎರಡು ಪುಸ್ತಕ ಹೊರಬರುತ್ತವೆ. ಒಂದು 'ಇಂಡಿಯನ್ ಆಸ್ಟ್ರನಾಮಿಕಲ್ ಎಫೆಮೆರಿಸ್', ಇನ್ನೊಂದು 'ರಾಷ್ಟ್ರೀಯ ಪಂಚಾಂಗ'. ಎರಡನೆಯದು ಕನ್ನಡದಲ್ಲೂ ಬರುತ್ತದೆ. ಮೊದಲನೆಯದನ್ನು ತೆರೆದರೆ ಪೂರ್ತಿ ಅಂಕಿಗಳೇ. ಸೂರ್ಯ ಯಾವ ದಿನ ಎಲ್ಲಿ, ಚಂದ್ರ ಎಲ್ಲಿ, ಗ್ರಹಗಳು ಎಲ್ಲಿ, ಯಾವ ಅಕ್ಷಾಂಶದಲ್ಲಿ ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ, ಎಷ್ಟಕ್ಕೆ ಮುಳುಗುತ್ತಾನೆ, ಗ್ರಹಣ ಯಾವಾಗ. ನೋಡುವವರಿಗೆ ಬೇಸರ ಬರಬಹುದು. ನನಗೆ ಮಾತ್ರ ಸರ್ಕಾರ ಅಚ್ಚು ಹಾಕಿಸುವ ಎಲ್ಲ ಪುಸ್ತಕಗಳಲ್ಲಿ ಇದರಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ ಅನ್ನಿಸುತ್ತದೆ. ಇಂಥ ದಿನ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಗ್ರಹಣ ಹಿಡಿಯುತ್ತದೆ ಅಂತ ಅದು ಮೊದಲೇ ಬರೆದುಕೊಡುತ್ತದೆ. ತಪ್ಪಾದರೆ ಬಯಲಲ್ಲಿ ನಿಂತ ಯಾರು ಬೇಕಾದರೂ ಹಿಡಿಯಬಹುದು.

ಸರ್ಕಾರಗಳು ಈ ಕೆಲಸಕ್ಕೆ ಕೈ ಹಾಕಿದ್ದು ಮೊದಲು ಸಮುದ್ರದ ಕಾರಣಕ್ಕೆ.

ಹಡಗಿನವರಿಗೆ ಅಕ್ಷಾಂಶ ಕಷ್ಟದ ವಿಷಯ ಆಗಿರಲಿಲ್ಲ. ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿದೆ ನೋಡಿದರೆ ಸಾಕು, ಅಥವಾ ಮಧ್ಯಾಹ್ನದ ಸೂರ್ಯನ ಎತ್ತರ ಅಳೆದರೆ ಸಾಕು. ರೇಖಾಂಶವೇ ಕಷ್ಟ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಹಾಗಾಗಿ ನಾನು ಪೂರ್ವ-ಪಶ್ಚಿಮದಲ್ಲಿ ಎಲ್ಲಿದ್ದೇನೆ ಅಂತ ತಿಳಿಯಬೇಕಾದರೆ ಇಲ್ಲಿಯ ಸಮಯ ಮತ್ತು ಮನೆಯ ಊರಿನ ಸಮಯ ಎರಡೂ ಒಟ್ಟಿಗೆ ಗೊತ್ತಿರಬೇಕು. ನಡುಗಡಲಲ್ಲಿ ಮನೆಯ ಸಮಯ ಹೇಳುವವರು ಯಾರು? 1707ರಲ್ಲಿ ಇಂಗ್ಲೆಂಡಿನ ಸಿಲಿ ದ್ವೀಪಗಳ ಬಳಿ ನಾಲ್ಕು ಯುದ್ಧನೌಕೆಗಳು ಬಂಡೆಗೆ ಬಡಿದು ಸಾವಿರಕ್ಕೂ ಜಾಸ್ತಿ ಜನ ಸತ್ತರು. ಎಲ್ಲಿದ್ದೇವೆ ಅನ್ನುವುದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ರೇಖಾಂಶ ಕಂಡುಹಿಡಿಯುವ ದಾರಿ ತೋರಿಸಿದವರಿಗೆ 20,000 ಪೌಂಡ್ ತನಕ ಬಹುಮಾನ ಸಾರಿತು.

ಒಂದು ದಾರಿ ಚೆನ್ನಾಗಿ ಓಡುವ ಗಡಿಯಾರ ಮಾಡುವುದು. ಜಾನ್ ಹ್ಯಾರಿಸನ್ ಅದನ್ನು ಮಾಡಿದ, ಆ ಕತೆ ತುಂಬ ಜನಕ್ಕೆ ಗೊತ್ತು. ಆದರೆ ಅಂಥ ಗಡಿಯಾರ ಬಹಳ ವರ್ಷ ದುಬಾರಿಯಾಗಿಯೇ ಉಳಿಯಿತು. ಇನ್ನೊಂದು ದಾರಿ ಚಂದ್ರನನ್ನೇ ಗಡಿಯಾರದ ಮುಳ್ಳು ಅಂದುಕೊಳ್ಳುವುದು. ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಡಿಗ್ರಿ ಸರಿಯುತ್ತಾನೆ. ಇವತ್ತು ರಾತ್ರಿ ಗ್ರೀನಿಚ್‌ನಲ್ಲಿ ಒಂಬತ್ತು ಗಂಟೆಯಾದಾಗ ಚಂದ್ರನಿಗೂ ಇಂಥ ನಕ್ಷತ್ರಕ್ಕೂ ನಡುವೆ ಎಷ್ಟು ಕೋನ ಇರುತ್ತದೆ ಅಂತ ಯಾರಾದರೂ ಮೊದಲೇ ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆದುಕೊಟ್ಟರೆ, ಹಡಗಿನವನು ಆ ಕೋನ ಅಳೆದು, ಪುಸ್ತಕ ನೋಡಿ, ಗ್ರೀನಿಚ್ ಸಮಯ ತಿಳಿಯಬಹುದು.

ಹೇಳುವುದು ಸುಲಭ. ಚಂದ್ರನ ಚಲನೆ ಮಾತ್ರ ಬಹಳ ತೊಡಕು. ಒಂದು ಕಡೆ ಭೂಮಿ, ಇನ್ನೊಂದು ಕಡೆ ಸೂರ್ಯ, ಎರಡೂ ಎಳೆಯುತ್ತವೆ. ಜರ್ಮನಿಯ ಗೊಟ್ಟಿಂಗನ್‌ನಲ್ಲಿದ್ದ ಟೋಬಿಯಾಸ್ ಮೇಯರ್ ಮೊದಲ ಬಾರಿಗೆ ಸಮುದ್ರಕ್ಕೆ ಒಗ್ಗುವಷ್ಟು ನಿಖರವಾದ ಚಂದ್ರನ ಕೋಷ್ಟಕ ಮಾಡಿದರು, 1762ರಲ್ಲಿ ತೀರಿಕೊಂಡರು, ಬಹುಮಾನದಲ್ಲಿ 3,000 ಪೌಂಡ್ ಹೋಗಿದ್ದು ಅವರ ಹೆಂಡತಿಗೆ. ಆ ಕೋಷ್ಟಕವನ್ನು ಹಿಡಿದು ಗ್ರೀನಿಚ್ ವೇಧಶಾಲೆಯ ನೆವಿಲ್ ಮ್ಯಾಸ್ಕೆಲಿನ್ 1767ನೇ ವರ್ಷಕ್ಕೆ 'ನಾಟಿಕಲ್ ಅಲ್ಮನಾಕ್' ಹೊರತಂದರು. ಮೂರು ಮೂರು ಗಂಟೆಗೆ ಒಂದರಂತೆ ಚಂದ್ರನ ಆ ಕೋನಗಳು, ವರ್ಷಪೂರ್ತಿ. ಪ್ಯಾರಿಸ್‌ನವರು 1679ರಿಂದಲೇ ಒಂದು ವಾರ್ಷಿಕ ಪಂಚಾಂಗ ಹೊರತರುತ್ತಿದ್ದರು. ಆದರೆ ನಾವಿಕನ ಕೈಗೆ ಕೊಟ್ಟು ದಾರಿ ಹುಡುಕು ಅನ್ನುವ ಪುಸ್ತಕ ಅಂದರೆ ಗ್ರೀನಿಚ್‌ನದೇ.

ಇದರಲ್ಲಿ ತಪ್ಪಿಗೆ ಎಷ್ಟು ಬೆಲೆ ನೋಡಿ. ಚಂದ್ರನ ಜಾಗದಲ್ಲಿ ಒಂದು ಕಲೆ, ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು ತಪ್ಪಿದರೆ, ಸಮಯದಲ್ಲಿ ಎರಡು ನಿಮಿಷ ತಪ್ಪುತ್ತದೆ. ಎರಡು ನಿಮಿಷ ಅಂದರೆ ಅರ್ಧ ಡಿಗ್ರಿ ರೇಖಾಂಶ. ಸಮಭಾಜಕದ ಹತ್ತಿರ ಅದು 55 ಕಿಲೋಮೀಟರ್. ಕಾಗದದ ಮೇಲೆ ಒಂದು ಅಂಕಿ ತಪ್ಪಾಗಿ ಬಿದ್ದರೆ ಹಡಗು ಬಂಡೆಗೆ ಹೋಗುತ್ತದೆ.

ಹಾಗಾಗಿ ಮ್ಯಾಸ್ಕೆಲಿನ್ ಒಂದು ವ್ಯವಸ್ಥೆ ಮಾಡಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬ ಇಷ್ಟವಾದ ಭಾಗ ಅದೇ. ಒಂದೊಂದು ತಿಂಗಳ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಕೂತು ಮಾಡಬೇಕು. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ, ಬೇರೆ ಬೇರೆ ಊರಲ್ಲಿ. ಅಂಚೆಯಲ್ಲಿ ಹಾಳೆ ಬಂದ ಮೇಲೆ ಮೂರನೆಯವರು ಎರಡನ್ನೂ ಎದುರು ಬದುರು ಇಟ್ಟು ತಾಳೆ ನೋಡಬೇಕು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಮತ್ತೆ ಲೆಕ್ಕ. ಆರಂಭದ ವರ್ಷಗಳಲ್ಲೇ ಇಬ್ಬರು ಒಬ್ಬರದನ್ನು ಒಬ್ಬರು ನಕಲು ಮಾಡಿ ಕಳಿಸಿ ಸಿಕ್ಕಿಬಿದ್ದರು, ಕೆಲಸ ಹೋಯಿತು. ಸರಿಯಾಗಿಯೇ ಹೋಯಿತು ಅನ್ನುತ್ತೇನೆ. ನಕಲು ಹೊಡೆದರೆ ಎರಡು ಹಾಳೆ ಸೊಗಸಾಗಿ ಹೊಂದುತ್ತವೆ, ತಾಳೆ ನೋಡಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಆ ಲೆಕ್ಕದವರಲ್ಲಿ ಲಡ್ಲೋ ಅನ್ನುವ ಸಣ್ಣ ಊರಿನ ಮೇರಿ ಎಡ್ವರ್ಡ್ಸ್ ಒಬ್ಬರು. ಕೆಲಸ ಇದ್ದದ್ದು ಗಂಡನ ಹೆಸರಿಗೆ. 1784ರಲ್ಲಿ ಗಂಡ ತೀರಿಕೊಂಡ ಮೇಲೆ ಗೊತ್ತಾಯಿತು, ಹೆಚ್ಚಿನ ಲೆಕ್ಕವನ್ನೆಲ್ಲ ಮಾಡುತ್ತಿದ್ದದ್ದು ಆಕೆಯೇ. ಮ್ಯಾಸ್ಕೆಲಿನ್ ಆಕೆಗೇ ಕೆಲಸ ಮುಂದುವರಿಸಿ ಕೊಟ್ಟರು. ಆಕೆ ತೀರಿಕೊಂಡದ್ದು 1815ರಲ್ಲಿ, ಆಮೇಲೆ ಮಗಳು ಎಲೈಜಾ ಅದೇ ಕೆಲಸ ಹಿಡಿದಳು. 1832ರ ಹೊತ್ತಿಗೆ ಕೆಲಸವನ್ನೆಲ್ಲ ಲಂಡನ್ನಿನ ಒಂದು ಕಚೇರಿಗೆ ತಂದರು. ಸರ್ಕಾರಿ ಕಚೇರಿಯಲ್ಲಿ ಹೆಂಗಸರಿಗೆ ಜಾಗವಿಲ್ಲ ಅಂತ ಅಲ್ಲಿಗೆ ಅದು ಮುಗಿಯಿತು. ಎರಡು ತಲೆಮಾರು ಅಡುಗೆಮನೆಯ ಪಕ್ಕ ಕೂತು ಚಂದ್ರನ ಲೆಕ್ಕ ಹಾಕಿದವರನ್ನು ಹೀಗೆ ಕಳಿಸಿದ್ದು ದೊಡ್ಡ ಅನ್ಯಾಯ. ಆ ವರ್ಷಗಳಲ್ಲಿ ಮದ್ರಾಸಿಗೋ ಮುಂಬೈಗೋ ಕ್ಷೇಮವಾಗಿ ಬಂದು ಮುಟ್ಟಿದ ಹಡಗುಗಳು ಈ ತಾಯಿ ಮಗಳಂಥವರ ಲೆಕ್ಕವನ್ನು ನಂಬಿ ಬಂದವು.

ಬೇರೆ ದೇಶಗಳೂ ಇದನ್ನೇ ಮಾಡಿದವು. ಬರ್ಲಿನ್ ತನ್ನದನ್ನು 1776ನೇ ವರ್ಷದಿಂದ, ಅಮೆರಿಕ 1855ನೇ ವರ್ಷದಿಂದ. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ದೇಶಗಳು ಗ್ರೀನಿಚ್ ರೇಖೆಯನ್ನೇ ಜಗತ್ತಿನ ಸೊನ್ನೆ ರೇಖೆ ಅಂತ ಒಪ್ಪಿಕೊಂಡವು. ಅದಕ್ಕೆ ಮುಖ್ಯ ಕಾರಣ ಜಗತ್ತಿನ ಹಡಗುಗಳಲ್ಲಿ ಹೆಚ್ಚಿನವು ಆಗಲೇ ಗ್ರೀನಿಚ್‌ನ ಪುಸ್ತಕ ಮತ್ತು ನಕ್ಷೆ ಹಿಡಿದು ಓಡಾಡುತ್ತಿದ್ದದ್ದು.

ಸೊನ್ನೆ ರೇಖೆ ಅಂದಾಗ ನೆನಪಾಯಿತು, ಸಿದ್ಧಾಂತ ಅನ್ನುವ ನಮ್ಮ ಹಳೆಯ ಖಗೋಳ ಗ್ರಂಥಗಳಿಗೂ ಒಂದು ಸೊನ್ನೆ ರೇಖೆ ಇತ್ತು. ಲಂಕೆಯಿಂದ ಉಜ್ಜಯಿನಿ ಮೇಲೆ ಹಾದು ಕುರುಕ್ಷೇತ್ರದ ಕಡೆ ಹೋಗುವ ರೇಖೆ. ಉಜ್ಜಯಿನಿಯ ರೇಖಾಂಶ 75.77 ಡಿಗ್ರಿ. ಅದನ್ನು ನೇರ ದಕ್ಷಿಣಕ್ಕೆ ಎಳೆದರೆ ಗದಗಕ್ಕೂ ಕೊಪ್ಪಳಕ್ಕೂ ನಡುವೆ ಹಾದು ಹೋಗುತ್ತದೆ, ಕೊಪ್ಪಳದಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮಕ್ಕೆ. ಹುಬ್ಬಳ್ಳಿ ಕಡೆ ಹೋಗುವ ರೈಲಿನಲ್ಲಿ ನಾವು ಅದನ್ನು ದಾಟುತ್ತಲೇ ಇರುತ್ತೇವೆ.

ರೈಲಿನ ಮಾತಿಗೆ ಬಂದರೆ ರಾಯಚೂರು. ಮುಂಬೈ ಕಡೆಯಿಂದ ಬಂದ ಲೈನು ಮತ್ತು ಮದ್ರಾಸ್ ಕಡೆಯಿಂದ ಬಂದ ಲೈನು 1871ರಲ್ಲಿ ಕೂಡಿದ್ದು ರಾಯಚೂರಲ್ಲಿ. ಮುಂಬೈಯ ಸ್ಥಳೀಯ ಸಮಯಕ್ಕೂ ಮದ್ರಾಸಿನದಕ್ಕೂ ಸುಮಾರು ಅರ್ಧ ಗಂಟೆ ವ್ಯತ್ಯಾಸ. ಎರಡು ಊರಿನ ಗಡಿಯಾರ ಹಿಡಿದು ಒಂದು ಹಳಿಯ ಮೇಲೆ ರೈಲು ಓಡಿಸಲು ಆಗುವುದಿಲ್ಲ. ಹಾಗಾಗಿ ದೇಶದ ರೈಲುಗಳಿಗೆಲ್ಲ ಮದ್ರಾಸ್ ಸಮಯ ಬಂತು. ಮದ್ರಾಸ್ ಸಮಯ ಎಲ್ಲಿಂದ ಬರುತ್ತಿತ್ತು? ನುಂಗಂಬಾಕ್ಕಂನಲ್ಲಿ ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿದ ವೇಧಶಾಲೆಯಿಂದ. ಅಲ್ಲಿ ನಕ್ಷತ್ರ ನೆತ್ತಿಯ ರೇಖೆ ದಾಟುವುದನ್ನು ದೂರದರ್ಶಕದಲ್ಲಿ ನೋಡುವರು, ಪಂಚಾಂಗದ ಪುಸ್ತಕದಲ್ಲಿ ಆ ನಕ್ಷತ್ರದ ಜಾಗ ನೋಡುವರು, ಎರಡರಿಂದ ಗಡಿಯಾರ ತಿದ್ದುವರು. ಅಂದರೆ ರಾಯಚೂರು ಸ್ಟೇಷನ್ನಿಗೆ ರೈಲು ಬರುವ ಹೊತ್ತಿನ ಹಿಂದೆ ನಕ್ಷತ್ರಗಳ ಕೋಷ್ಟಕ ಇತ್ತು. ಈಗಿನ ಭಾರತೀಯ ಸಮಯ ಜಾರಿಯಾದದ್ದು 1906ರ ಜನವರಿ 1ರಿಂದ.

ರಾಯಚೂರಲ್ಲಿ ಲೈನು ಕೂಡುವ ಮೂರು ವರ್ಷ ಮುಂಚೆ, 1868ರ ಆಗಸ್ಟ್ 18ರಂದು ನಮ್ಮ ಭಾಗದ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯಿತು. ನೆರಳಿನ ಪಟ್ಟಿ ಜಮಖಂಡಿ ಮೇಲಿಂದ ಬಂದು ರಾಯಚೂರಿನ ದೋಆಬ್ ದಾಟಿ ವನಪರ್ತಿ, ಗುಂಟೂರು ಕಡೆ ಹೋಯಿತು. ಪಂಚಾಂಗಗಳಲ್ಲಿ ಅದರ ದಾರಿ ಮೊದಲೇ ಬರೆದಿದ್ದರಿಂದಲೇ ಫ್ರಾನ್ಸ್, ಇಂಗ್ಲೆಂಡಿನಿಂದ ಸಲಕರಣೆ ಹೊತ್ತು ಜನ ಬಂದು ಕಾದು ಕೂತದ್ದು. ಗುಂಟೂರಿನಲ್ಲಿ ಜಾನ್ಸೆನ್ ಅನ್ನುವ ಫ್ರೆಂಚ್ ವಿಜ್ಞಾನಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆ ಆಗ ಯಾರಿಗೂ ಗೊತ್ತಿಲ್ಲದ ಧಾತುವಿನದು, ಅದೇ ಹೀಲಿಯಂ.

ವನಪರ್ತಿಯಲ್ಲಿ ಅವತ್ತು ಕಾದಿದ್ದವರು ಮದ್ರಾಸ್ ವೇಧಶಾಲೆಯ ಚಿಂತಾಮಣಿ ರಘುನಾಥಾಚಾರಿ. ರಾಯಚೂರಿನಿಂದ ಕೃಷ್ಣೆ ದಾಟಿ ಪೂರ್ವಕ್ಕೆ ಹೋದರೆ ವನಪರ್ತಿ, ಅಷ್ಟೇ ದೂರ. ಈ ಮನುಷ್ಯನ ಬಗ್ಗೆ ನಮ್ಮ ಶಾಲೆಗಳಲ್ಲಿ ಒಂದು ಪಾಠ ಇರಬೇಕಿತ್ತು. ವೇಧಶಾಲೆಯಲ್ಲಿ ಸಣ್ಣ ಕೆಲಸಕ್ಕೆ ಸೇರಿ ಮೊದಲ ಸಹಾಯಕನ ಹುದ್ದೆಗೆ ಏರಿದರು, 1867ರಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರ ಕಂಡುಹಿಡಿದರು, 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು. 1874ರ ಶುಕ್ರ ಸಂಕ್ರಮಣದ ಬಗ್ಗೆ, ಅಂದರೆ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದರ ಬಗ್ಗೆ, ಜನರಿಗೆ ತಿಳಿಯಲಿ ಅಂತ ಹಲವು ಭಾಷೆಗಳಲ್ಲಿ ಪುಸ್ತಿಕೆ ತಂದರು, ಕನ್ನಡದಲ್ಲೂ. ಅಷ್ಟೇ ಅಲ್ಲ, 'ನಾಟಿಕಲ್ ಅಲ್ಮನಾಕ್'ನ ಅಂಕಿ ಹಿಡಿದು ದೃಗ್ಗಣಿತ ಪಂಚಾಂಗ, ಅಂದರೆ ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದುವ ಪಂಚಾಂಗ ಹೊರಡಿಸಿದರು. ಬೈಗುಳವನ್ನೂ ತಿಂದರು.

ಬೈದದ್ದು ಯಾಕೆ ಅಂತ ತಿಳಿಯಬೇಕಾದರೆ ತಿಥಿಗೆ ಬರಬೇಕು. ನಮ್ಮ ಓಣಿಯಲ್ಲಿ ಈಗಲೂ ಕೇಳುವ ಮಾತು, "ವೈನೀ, ಏಕಾದಶಿ ನಿಮ್ಮನಿಯಾಗ ಇವತ್ತೋ, ನಾಳೆನೋ?" ಒಂದೇ ಓಣಿ, ಎರಡು ಪಂಚಾಂಗ, ಎರಡು ದಿನ ಉಪವಾಸ. ಆಕಾಶದಲ್ಲಿ ಚಂದ್ರ ಒಬ್ಬನೇ ತಾನೇ?

ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ, ಹಾಗಾಗಿ ತಿಥಿಯೂ ಉದ್ದ ಗಿಡ್ಡ ಆಗುತ್ತದೆ. ಹಳೆಯ ಪದ್ಧತಿಯವರು ಬಾಣವೃದ್ಧಿ ರಸಕ್ಷಯ ಅನ್ನುತ್ತಾರೆ. ಅಂದರೆ ತಿಥಿ 60 ಗಳಿಗೆಗಿಂತ ಐದು ಗಳಿಗೆ ಬೆಳೆಯಬಹುದು, ಆರು ಗಳಿಗೆ ಕುಗ್ಗಬಹುದು. ಗಳಿಗೆಗೆ 24 ನಿಮಿಷ ಹಿಡಿದರೆ 26 ಗಂಟೆಯಿಂದ 21 ಗಂಟೆ 36 ನಿಮಿಷದ ತನಕ. ದೃಗ್ಗಣಿತದವರು ಸಪ್ತವೃದ್ಧಿ ದಶಕ್ಷಯ ಅನ್ನುತ್ತಾರೆ. 26 ಗಂಟೆ 48 ನಿಮಿಷದಿಂದ 20 ಗಂಟೆಯ ತನಕ. ಆಕಾಶದ ಚಂದ್ರ ಎರಡನೆಯವರ ಮಾತಿಗೆ ಹೊಂದುತ್ತಾನೆ.

ಯಾಕೆ ಹೀಗಾಯಿತು ಅನ್ನುವುದು ತುಂಬ ಚಂದದ ವಿಷಯ, ಸ್ವಲ್ಪ ತಾಳ್ಮೆ ಕೊಡಿ. ಸೂರ್ಯಸಿದ್ಧಾಂತ ಅನ್ನುವ ಹಳೆಯ ಗ್ರಂಥ ಚಂದ್ರನ ವೇಗ ಏರಿಳಿಯುವುದಕ್ಕೆ ಒಂದೇ ತಿದ್ದುಪಡಿ ಕೊಡುತ್ತದೆ, ಅದರ ಹೆಸರು ಮಂದಫಲ, ಹೆಚ್ಚೆಂದರೆ ಸುಮಾರು 5 ಡಿಗ್ರಿ. ನಿಜವಾಗಿ ಆ ತಿದ್ದುಪಡಿ ಸುಮಾರು 6.3 ಡಿಗ್ರಿ, ಜೊತೆಗೆ ಸೂರ್ಯನ ಎಳೆತದಿಂದ ಹುಟ್ಟುವ ಇನ್ನೂ ಒಂದಷ್ಟು ತಿದ್ದುಪಡಿಗಳಿವೆ, ಅದರಲ್ಲಿ ದೊಡ್ಡದು ಸುಮಾರು 1.3 ಡಿಗ್ರಿಯದು. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಈ 1.3 ಡಿಗ್ರಿ ಮಂದಫಲಕ್ಕೆ ಎದುರಾಗಿ ಕೆಲಸ ಮಾಡುತ್ತದೆ. 6.3ರಲ್ಲಿ 1.3 ಕಳೆದರೆ ಉಳಿಯುವುದು 5. ಹಳೆಯ ಗಣಿತದವರು ಚಂದ್ರನನ್ನು ಅಳೆದದ್ದು ಗ್ರಹಣಗಳಲ್ಲಿ, ಗ್ರಹಣ ಆಗುವುದು ಹುಣ್ಣಿಮೆ ಅಮಾವಾಸ್ಯೆಯಲ್ಲೇ, ಹಾಗಾಗಿ ಅವರಿಗೆ 5 ಸಿಕ್ಕಿತು. ಆ ದಿನಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಅಷ್ಟಮಿಯ ಆಸುಪಾಸಿಗೆ ಬಂದರೆ ಅದೇ 1.3 ಡಿಗ್ರಿ ಮಂದಫಲದ ಜೊತೆ ಕೂಡಿಕೊಳ್ಳುತ್ತದೆ, ಆಗ ಹಳೆಯ ಲೆಕ್ಕ ಕೆಲವು ಗಂಟೆಗಳಷ್ಟು ತಪ್ಪುತ್ತದೆ. ಹುಣ್ಣಿಮೆಯ ಜಾತ್ರೆಗಳಿಗೆ ಜಗಳ ಕಡಿಮೆ, ಏಕಾದಶಿಗೆ ಜಗಳ ಜಾಸ್ತಿ ಅನ್ನುವುದಕ್ಕೆ ಇದೊಂದು ಕಾರಣ. ಸೂರ್ಯೋದಯಕ್ಕೆ ಯಾವ ತಿಥಿ ಇದೆ ಅನ್ನುವುದರ ಮೇಲೆ ದಿನ ನಿಂತಿರುವುದರಿಂದ ಒಂದೆರಡು ಗಂಟೆಯ ವ್ಯತ್ಯಾಸಕ್ಕೂ ದಿನವೇ ಬದಲಾಗಬಹುದು.

ಹಳಬರು ಕುರುಡರಾಗಿದ್ದರು ಅಂತ ಇದರ ಅರ್ಥ ಅಲ್ಲ. ಹತ್ತನೇ ಶತಮಾನದಲ್ಲೇ ಮುಂಜಾಲಾಚಾರ್ಯರು ಚಂದ್ರನಿಗೆ ಎರಡನೇ ತಿದ್ದುಪಡಿ ಬೇಕು ಅಂತ ಕಂಡುಕೊಂಡಿದ್ದರು. ನಮ್ಮ ಉತ್ತರ ಕರ್ನಾಟಕದಲ್ಲೇ, ಬಾಗಲಕೋಟೆಯಲ್ಲಿ ಮೇಷ್ಟ್ರಾಗಿದ್ದ ವೆಂಕಟೇಶ ಬಾಪೂಜಿ ಕೇತಕರ ಅವರು ಹೊಸ ಗ್ರಹಕೋಷ್ಟಕಗಳನ್ನು ನಮ್ಮ ಪಂಚಾಂಗದ ಕ್ರಮಕ್ಕೆ ಒಗ್ಗಿಸಿ 'ಜ್ಯೋತಿರ್ಗಣಿತ' ಬರೆದರು. ಗ್ರಂಥಕ್ಕೆ ಗೌರವ ಕೊಡುವುದು ಅಂದರೆ ಅದರ ಅಂಕಿಯನ್ನು ಆಕಾಶಕ್ಕೆ ಹಿಡಿದು ನೋಡುವುದು ಅಂತ ಇವರೆಲ್ಲ ತಿಳಿದಿದ್ದರು. ನನ್ನ ಅಭಿಪ್ರಾಯವೂ ಅದೇ. ಉಪವಾಸ ಯಾವ ದಿನ ಮಾಡಬೇಕು ಅನ್ನುವುದು ಅವರವರ ಮಠ, ಮನೆತನಕ್ಕೆ ಬಿಟ್ಟದ್ದು, ಅದರಲ್ಲಿ ನನಗೆ ತಕರಾರಿಲ್ಲ. ಚಂದ್ರ ಎಲ್ಲಿದ್ದಾನೆ ಅನ್ನುವುದು ಮಾತ್ರ ಮನೆತನದ ವಿಷಯ ಅಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಗೊಂದಲಕ್ಕೆ ಕೈ ಹಾಕಿದವರು ಮೇಘನಾದ ಸಾಹಾ. ನಕ್ಷತ್ರಗಳ ಬೆಳಕಿನ ಬಗ್ಗೆ ಜಗತ್ತೇ ಒಪ್ಪಿದ ಕೆಲಸ ಮಾಡಿದ ವಿಜ್ಞಾನಿ. 1952ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಆಯಿತು. ದೇಶದಲ್ಲಿ ಬಳಕೆಯಲ್ಲಿದ್ದ ಪಂಚಾಂಗ ಪದ್ಧತಿಗಳು ಸುಮಾರು 30. ಸಮಿತಿಯ ವರದಿ ಬಂದದ್ದು 1955ರಲ್ಲಿ. 1957ರ ಮಾರ್ಚ್ 22, ಶಕ 1879ರ ಚೈತ್ರ 1, ಅಂದಿನಿಂದ ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು. 1958ನೇ ವರ್ಷದಿಂದ ನಮ್ಮದೇ ಎಫೆಮೆರಿಸ್ ಪುಸ್ತಕ. ಸಾಹಾ ಇದನ್ನು ನೋಡಲು ಇರಲಿಲ್ಲ, 1956ರ ಫೆಬ್ರುವರಿಯಲ್ಲೇ ತೀರಿಕೊಂಡರು. ಸಮಿತಿಯ ಕಾರ್ಯದರ್ಶಿಯಾಗಿದ್ದ ನಿರ್ಮಲ ಚಂದ್ರ ಲಾಹಿರಿ ಕೋಲ್ಕತ್ತಾದ ಕೆಲಸವನ್ನು ಮುಂದೆ ಒಯ್ದರು.

ಇಡೀ ದೇಶಕ್ಕೆ ಒಂದು ಲೆಕ್ಕ ಅಂದಾಗ ಎಲ್ಲಿ ನಿಂತು ನೋಡುವುದು ಅನ್ನುವ ಪ್ರಶ್ನೆ ಬರುತ್ತದೆ. ರಾಷ್ಟ್ರೀಯ ಪಂಚಾಂಗ 82.5 ಡಿಗ್ರಿ ಪೂರ್ವ ರೇಖಾಂಶ ಮತ್ತು ಉಜ್ಜಯಿನಿಯ ಅಕ್ಷಾಂಶ ಕೂಡುವ ಜಾಗವನ್ನು ಕೇಂದ್ರ ಅಂತ ಹಿಡಿಯಿತು. ಗಡಿಯಾರದ ರೇಖೆಯೂ ಹಳೆಯ ಉಜ್ಜಯಿನಿಯೂ ಅಲ್ಲಿ ಜೊತೆಯಾದವು. ಆ ಆಯ್ಕೆ ನನಗೆ ಬಹಳ ಹಿಡಿಸುತ್ತದೆ.

ಸಮಿತಿಗೆ ಕಾಡಿದ ಇನ್ನೊಂದು ವಿಷಯ ರೈತರಿಗೆ ನೇರ ಸಂಬಂಧಿಸಿದ್ದು. ನಮ್ಮಲ್ಲಿ ಬಿತ್ತನೆಯ ಮಾತು ತಾರೀಖಿನಲ್ಲಿ ಬರುವುದಿಲ್ಲ, ಮಳೆಯ ಹೆಸರಿನಲ್ಲಿ ಬರುತ್ತದೆ. ರೋಹಿಣಿ ಮಳೆ, ಮಿರಗ, ಆರಿದ್ರ, ಹಿಂಗಾರಿ ಜೋಳಕ್ಕೆ ಉತ್ತರಿ, ಹಸ್ತ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಅಂತ ಗಾದೆಯೇ ಇದೆ. ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬಂದಾಗ ರೋಹಿಣಿ ಮಳೆ ಕೂಡುತ್ತದೆ, ಈಗ ಅದು ಮೇ 25ರ ಸುಮಾರಿಗೆ. ಆದರೆ ಸೂರ್ಯ ಅದೇ ನಕ್ಷತ್ರಕ್ಕೆ ವಾಪಸ್ ಬರಲು ಹಿಡಿಯುವ ಕಾಲ ಋತುಗಳು ಮರಳಿ ಬರುವ ಕಾಲಕ್ಕಿಂತ 20 ನಿಮಿಷ ಚಿಲ್ಲರೆ ಜಾಸ್ತಿ. ವರ್ಷಕ್ಕೆ 20 ನಿಮಿಷ ಏನೂ ಅಲ್ಲ ಅನ್ನಿಸುತ್ತದೆ. ಕೂಡಿಸುತ್ತಾ ಹೋದರೆ 70 ವರ್ಷಕ್ಕೆ ಒಂದು ದಿನ. ಹಂಪಿಯಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ 1509ರ ಹೊತ್ತಿಗೆ ಹೋಲಿಸಿದರೆ ರೋಹಿಣಿ ಮಳೆ ಕೂಡುವ ದಿನ ಋತುವಿನ ಲೆಕ್ಕದಲ್ಲಿ ಒಂದು ವಾರ ಮುಂದಕ್ಕೆ ಹೋಗಿದೆ. ಸಂಕ್ರಾಂತಿಯದೂ ಇದೇ ಕತೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ ನಡುವೆ. ಸಮಿತಿ ರಾಷ್ಟ್ರೀಯ ಕ್ಯಾಲೆಂಡರಿನ ತಿಂಗಳುಗಳನ್ನು ಋತುವಿಗೆ ಕಟ್ಟಿಹಾಕಿದ್ದು ಈ ಜಾರುವಿಕೆ ನಿಲ್ಲಲಿ ಅಂತ.

ಆ ಕ್ಯಾಲೆಂಡರ್ ಮನೆಗಳ ಒಳಗೆ ಬರಲಿಲ್ಲ. ಆಕಾಶವಾಣಿಯಲ್ಲಿ, ಗೆಜೆಟ್ಟಿನಲ್ಲಿ ಉಳಿಯಿತು. ನನಗೆ ಅದು ಬೇಸರದ ವಿಷಯ, ಯಾಕಂದ್ರೆ ಹೊಲಕ್ಕೆ ಹೊಂದುವ ಕ್ಯಾಲೆಂಡರ್ ಅದೇ ಆಗಿತ್ತು. ಆದರೆ ಅದರ ಹಿಂದಿನ ಲೆಕ್ಕ ಸದ್ದಿಲ್ಲದೆ ಎಲ್ಲ ಕಡೆ ಹರಡಿತು. ಪಂಚಾಂಗ ಮಾಡುವವರಿಗೆ ಕೋಲ್ಕತ್ತಾದಿಂದಲೇ ಮುಂಚಿತವಾಗಿ ಅಂಕಿಗಳು ಹೋಗುತ್ತವೆ. ರಂಜಾನ್ ತಿಂಗಳ ಕೊನೆಗೆ ಅಮಾವಾಸ್ಯೆ ಎಷ್ಟು ಹೊತ್ತಿಗೆ ಮುಗಿಯಿತು, ಸಂಜೆ ಚಂದ್ರ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಅನ್ನುವುದೂ ಇದೇ ಕೋಷ್ಟಕಗಳಲ್ಲಿದೆ. ಚಂದ್ರ ಕಂಡನೋ ಇಲ್ಲವೋ ಹೇಳುವವರು ನೋಡಿದವರೇ.

ಈಗ ಫೋನಿನಲ್ಲಿ ಎಲ್ಲ ಇದೆಯಲ್ಲ, ಸರ್ಕಾರ ಯಾಕೆ ಈ ಲೆಕ್ಕ ಮಾಡಬೇಕು ಅಂತ ಕೇಳುವವರಿದ್ದಾರೆ. ಫೋನಿಗೆ ಅದು ಎಲ್ಲಿಂದ ಬಂತು? ಗ್ರಹಗಳ ಚಲನೆಯನ್ನು ರೇಡಾರ್, ಗಗನನೌಕೆಗಳ ಅಳತೆಯಿಂದ ತಿದ್ದಿ ತಿದ್ದಿ ಇಟ್ಟಿರುವ ಸಾರ್ವಜನಿಕ ಸಂಸ್ಥೆಗಳಿಂದಲೇ ಬಂತು. ಅಮೆರಿಕದ ನೌಕಾ ಅಕಾಡೆಮಿ ನಕ್ಷತ್ರ ನೋಡಿ ದಾರಿ ಹಿಡಿಯುವ ಪಾಠವನ್ನು ಒಮ್ಮೆ ಕೈಬಿಟ್ಟು, ಜಿಪಿಎಸ್ ಕೈಕೊಟ್ಟರೆ ಗತಿಯೇನು ಅಂತ 2015ರಲ್ಲಿ ಮತ್ತೆ ಶುರು ಮಾಡಿತು. ಇನ್ನೊಂದು ಕತೆ ಇದಕ್ಕಿಂತ ದೊಡ್ಡದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಎಷ್ಟು ತಿದ್ದಿದರೂ ಚಂದ್ರ ಪಂಚಾಂಗದ ಅಂಕಿಗೆ ಪೂರ್ತಿ ಹೊಂದುತ್ತಿರಲಿಲ್ಲ. ಅಮೆರಿಕದ ಪಂಚಾಂಗ ಕಚೇರಿಯ ಸೈಮನ್ ನ್ಯೂಕಮ್‌ಗೆ ಅನುಮಾನ ಬಂತು, ತಪ್ಪು ಚಂದ್ರನದ್ದಲ್ಲ, ಭೂಮಿ ತಿರುಗುವುದೇ ಸಮ ಇಲ್ಲವೇನೋ ಅಂತ. 1939ರಲ್ಲಿ ಗ್ರೀನಿಚ್‌ನ ಸ್ಪೆನ್ಸರ್ ಜೋನ್ಸ್ ಅದನ್ನು ಸಾಬೀತು ಮಾಡಿದರು. ಸೂರ್ಯ, ಬುಧ, ಶುಕ್ರ ಎಲ್ಲರೂ ಚಂದ್ರನ ಜೊತೆಗೇ ಅದೇ ರೀತಿ ಹಿಂದೆ ಮುಂದೆ ಆಗುತ್ತಿದ್ದರು, ಅಂದರೆ ನೋಡುವವನ ಗಡಿಯಾರ, ಅಂದರೆ ಭೂಮಿಯೇ ತಪ್ಪುತ್ತಿತ್ತು. ಸಾವಿರಾರು ವರ್ಷ ಸಮಯಕ್ಕೆ ಆಧಾರ ಅಂತ ನಂಬಿದ್ದ ಭೂಮಿಯನ್ನು ಆ ಜಾಗದಿಂದ ಇಳಿಸಿದ್ದು ವರ್ಷ ವರ್ಷ ಬಿಡದೆ ತಾಳೆ ನೋಡುತ್ತಾ ಬಂದ ಈ ಪುಸ್ತಕಗಳು. ಲಾಭ ನೋಡುವ ಯಾರೂ ಇನ್ನೂರು ವರ್ಷ ಹೀಗೆ ಕೂತು ಲೆಕ್ಕ ಇಡುವುದಿಲ್ಲ. ಅದಕ್ಕೇ ಇದು ಸರ್ಕಾರದ ಕೆಲಸ.

ಓದುವವರು ತಾವೇ ಮಾಡಿ ನೋಡಬಹುದಾದ ಒಂದು ಲೆಕ್ಕ ಕೊಡುತ್ತೇನೆ. ಭಾರತೀಯ ಸಮಯದ ರೇಖೆ 82.5 ಡಿಗ್ರಿ. ನಿಮ್ಮ ಊರು ಅದರಿಂದ ಎಷ್ಟು ಡಿಗ್ರಿ ಪಶ್ಚಿಮಕ್ಕಿದೆ ನೋಡಿ, ಡಿಗ್ರಿಗೆ ನಾಲ್ಕು ನಿಮಿಷದಂತೆ 12 ಗಂಟೆಗೆ ಸೇರಿಸಿ. ಕೊಪ್ಪಳಕ್ಕೆ ಸುಮಾರು 25 ನಿಮಿಷ, ಬಳ್ಳಾರಿಗೆ 22, ರಾಯಚೂರಿಗೆ 21. ಅದಕ್ಕೆ ಕಾಲ ಸಮೀಕರಣ ಅಂತ ಎಫೆಮೆರಿಸ್‌ನಲ್ಲಿ ಕೊಟ್ಟಿರುವ ಅಂಕಿ ಸೇರಿಸಬೇಕು ಅಥವಾ ಕಳೆಯಬೇಕು, ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ ಮತ್ತು ಅದರ ಅಕ್ಷ ವಾಲಿದೆ ಅನ್ನುವ ಕಾರಣಕ್ಕೆ. ಫೆಬ್ರುವರಿ 11ರ ಸುಮಾರಿಗೆ ಸೂರ್ಯ 14 ನಿಮಿಷ ತಡ, ನವೆಂಬರ್ 3ರ ಸುಮಾರಿಗೆ 16 ನಿಮಿಷ ಬೇಗ. ಹಾಗಾಗಿ ಕೊಪ್ಪಳದಲ್ಲಿ ಸೂರ್ಯ ನೆತ್ತಿಯ ರೇಖೆ ದಾಟುವುದು ಫೆಬ್ರುವರಿಯಲ್ಲಿ 12:40ರ ಹೊತ್ತಿಗೆ, ನವೆಂಬರಿನಲ್ಲಿ 12:09ಕ್ಕೆ. ಒಂದು ಕೋಲು ನೆಟ್ಟು ನೆರಳು ತೀರ ಗಿಡ್ಡ ಆಗುವ ಹೊತ್ತು ಬರೆದಿಟ್ಟುಕೊಂಡರೆ ತಾಳೆ ಆಗುತ್ತದೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಒಂದೊಂದು ದಿನ ಸೂರ್ಯ ನೇರ ನೆತ್ತಿಗೆ ಬಂದು ಕೋಲಿನ ನೆರಳೇ ಕಾಣುವುದಿಲ್ಲ. ಆಗಸ್ಟಿನಲ್ಲಿ ಮೋಡ ಅಡ್ಡ ಬರಬಹುದು. ಶಾಲೆಗಳಿಗೆ ಮೇ ತಿಂಗಳಲ್ಲಿ ರಜೆ ಇರುತ್ತದೆ, ಆದರೂ ಓಣಿಯ ಮಕ್ಕಳನ್ನು ಕರೆದು ಮಾಡಿಸಬಹುದು, ಬಿಸಿಲಲ್ಲಿ ಐದು ನಿಮಿಷ ನಿಂತರೆ ಆಯಿತು.

ಇನ್ನು ಗ್ರಹಣಗಳು. 2027ರ ಆಗಸ್ಟ್ 2ರ ಸಂಜೆಯ ಕಡೆಗೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ. 2031ರ ಮೇ 21ರಂದು ಕೇರಳ, ತಮಿಳುನಾಡಿನ ದಕ್ಷಿಣ ಭಾಗದಲ್ಲಿ ಕಂಕಣ ಗ್ರಹಣ, ಬಳ್ಳಾರಿ ರಾಯಚೂರು ಕೊಪ್ಪಳದಲ್ಲಿ ಸೂರ್ಯನ ದೊಡ್ಡ ಪಾಲು ಮುಚ್ಚುತ್ತದೆ. ನಿಮ್ಮ ಊರಿಗೆ ಎಷ್ಟಕ್ಕೆ ಹಿಡಿಯುತ್ತದೆ, ಎಷ್ಟಕ್ಕೆ ಬಿಡುತ್ತದೆ ಅನ್ನುವುದನ್ನು ಆ ವರ್ಷದ ಎಫೆಮೆರಿಸ್ ನೋಡಿ ಬರೆದುಕೊಳ್ಳಿ, ಗ್ರಹಣದ ಕನ್ನಡಕ ಹಾಕಿಕೊಂಡು ಕೈಯಲ್ಲಿ ಗಡಿಯಾರ ಹಿಡಿದು ಪರೀಕ್ಷೆ ಮಾಡಿ.